ಅವಳೇ ಕಳಿಸಿದ ಫೋಟೊ

ಹಾವೇರಿ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು. ಮಗಳು ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಎಂ.ಎಸ್ಸಿ. ಓದಲು ಹೋದಳು. ಹೊಲದ ಮೇಲೆ ಸಾಲ ತೆಗೆದು ಕಳಿಸಿದ್ದಾರೆ. ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ 8.40ಕ್ಕೆ ಇವರು ರೊಟ್ಟಿ ಬಡಿಯುತ್ತಿದ್ದಾಗ ಮಗಳಿಂದ ಒಂದು ಫೋಟೊ ಬಂತು. ಜೊತೆಗೆ ಒಂದು ಸಾಲು: ‘ಅವ್ವಾ, ಹಳೇ ರೈಲ್ವೆ ಸ್ಟೇಷನ್ ಒಳಗ ಡಾನ್ಸ್ ಮಾಡಿ ಬಂದ್ವಿ.’ ಮನೆಯಲ್ಲಿ ದೊಡ್ಡ ರಂಪವಾಯಿತು. ಅಣ್ಣ ಫೋನ್ ಮಾಡಿ ಬೈದ. ಅಪ್ಪ ಮಾತು ಬಿಟ್ಟರು. ಈಗ ಜನವರಿಯಲ್ಲಿ ಮೊದಲ ಅಂಕ ಬಂದಿದೆ, 64. ಇಲ್ಲಿ ಬಿ.ಎಸ್ಸಿ.ಯಲ್ಲಿ 88 ಬರುತ್ತಿತ್ತಂತೆ. ಮಗಳು ಫೋನ್‌ನಲ್ಲಿ ‘ಆರಾಮ ಅದೀನಿ, ಊಟ ಆತು’ ಎಂದು ಇಟ್ಟುಬಿಡುತ್ತಾಳಂತೆ. ಕೊನೆಗೆ ಕೇಳಿದ್ದಾರೆ: ‘ಸಾಲ ಮಾಡಿ ಕಳಿಸಿದ್ದು ಕುಣೀಲಿಕ್ಕೇನ್ರಿ ಅಕ್ಕಾರ? ಮಗಳು ಕೈತಪ್ಪಿದಳೇನ್ರಿ?’

ಅಕ್ಕಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಪುಟದಲ್ಲಿ ಶಾಯಿ ಹರಡಿದೆ. ಯಾಕೆ ಅಂತ ಗೊತ್ತಾಯಿತು.

ಮೊದಲು ಅಂಕದ ವಿಷಯ ಹೇಳಿಬಿಡುತ್ತೇನೆ. ನಿಮ್ಮ ನಿದ್ದೆ ಅರ್ಧ ಕೆಟ್ಟಿರುವುದು ಅದರಿಂದಲೇ ಅಲ್ವಾ? ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಪಾಸಾಗಲು 50 ಬೇಕು. 60 ದಾಟಿದರೆ ಮೆರಿಟ್. 70 ದಾಟಿದರೆ ಡಿಸ್ಟಿಂಕ್ಷನ್, ಅದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ನಮ್ಮಲ್ಲಿ ಹಾಗೆ 85, 90 ಸುರಿಯುವ ಪದ್ಧತಿ ಅಲ್ಲಿಲ್ಲ. ನಿಮ್ಮ ಮಗಳ 64 ಮೆರಿಟ್ ದರ್ಜೆಯ ಅಂಕ. ಅದೂ ಹೊಸ ದೇಶದಲ್ಲಿ, ಹೊಸ ಬಗೆಯ ಬರವಣಿಗೆಯಲ್ಲಿ, ಮೊದಲ ಸಲಕ್ಕೇ. ಅವಳಪ್ಪನಿಗೆ ಈ ಸಾಲುಗಳನ್ನು ಓದಿ ಹೇಳಿ. ಕುಣಿದದ್ದರಿಂದ 88 ಇದ್ದದ್ದು 64ಕ್ಕೆ ಇಳಿಯಿತು ಎಂಬ ಲೆಕ್ಕವನ್ನು ಇವತ್ತೇ ಬಿಟ್ಟುಬಿಡಿ.

ಆ ಒಂದು ವರ್ಷ ಹೇಗಿರುತ್ತದೆ ಅಂತ ಹೇಳುತ್ತೇನೆ. ನಾನೂ ಅದನ್ನು ಕಳೆದವಳು. 2008ರ ಸೆಪ್ಟೆಂಬರ್‌ನಲ್ಲಿ ಅದೇ ಊರಿಗೆ ಎಂ.ಎ. ಓದಲು ಹೋಗಿದ್ದೆ. ನಮ್ಮಲ್ಲಿ ಎರಡು ವರ್ಷಕ್ಕೆ ಹರಡಿರುವ ಓದನ್ನು ಅಲ್ಲಿ 12 ತಿಂಗಳಲ್ಲಿ ಮುಗಿಸಬೇಕು. ಒಟ್ಟು 180 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 10 ಗಂಟೆ ಓದು ಅಂತ ಲೆಕ್ಕ. ಅಲ್ಲಿಗೆ 1,800 ಗಂಟೆ. 45 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ಇದರಲ್ಲಿ ತರಗತಿ ಸ್ವಲ್ಪ, ಒಬ್ಬರೇ ಕೂತು ಓದುವುದೇ ಜಾಸ್ತಿ. ಬೇಸಿಗೆಯಲ್ಲಿ ಎಲ್ಲರೂ ಊರಿಗೆ ಹೋದಾಗ ಇವರು 60 ಕ್ರೆಡಿಟ್‌ನ ಪ್ರಬಂಧ ಬರೆಯುತ್ತಾ ಕೂರಬೇಕು. ನಿಮ್ಮ ಮಗಳು ಅಂಗಡಿಯಲ್ಲಿ ವಾರಕ್ಕೆ 12 ಗಂಟೆ ಕೆಲಸವನ್ನೂ ಮಾಡುತ್ತಾಳೆ ಅಂತ ಬರೆದಿದ್ದೀರಿ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯಲು ವಿದ್ಯಾರ್ಥಿ ವೀಸಾ ಬಿಡುವುದಿಲ್ಲ, ಅದರೊಳಗೇ ಇದ್ದಾಳೆ. 40ಕ್ಕೆ 12 ಕೂಡಿಸಿ ನೋಡಿ. ಇದು ಸುಮ್ನೆ ಮೋಜು ಮಾಡುವ ಹುಡುಗಿಯ ವಾರವಲ್ಲ.

ಇಷ್ಟರ ಮೇಲೆ ಅಲ್ಲಿನ ಚಳಿಗಾಲ. ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಲೈಬ್ರರಿಯಿಂದ ಹೊರಗೆ ಬಂದರೆ ಕತ್ತಲು, ಜಿಟಿಜಿಟಿ ಮಳೆ. ನಾನು ಇದ್ದದ್ದು ರಷೋಮ್ ಎಂಬ ಬಡಾವಣೆಯ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ. ಮುಂದಿನ ರಸ್ತೆಯ ತುಂಬ ಪಾಕಿಸ್ತಾನಿ, ಬಾಂಗ್ಲಾ ಹೋಟೆಲುಗಳು. ಅದಕ್ಕೆ ‘ಕರಿ ಮೈಲ್’, ಅಂದರೆ ಮಸಾಲೆ ಸಾರಿನ ಮೈಲು ಎಂದೇ ಹೆಸರು. ಒಗ್ಗರಣೆ ವಾಸನೆ ಬರುತ್ತಿತ್ತು, ಮಾತಾಡಿಸುವವರು ಇರಲಿಲ್ಲ. ಪಕ್ಕದ ಕೋಣೆಯ ನೈಜೀರಿಯಾದ ಹುಡುಗಿ ಪ್ರತಿ ಶನಿವಾರ ಬಾಗಿಲು ತಟ್ಟಿ ಕ್ಲಬ್ಬಿಗೆ ಕುಣಿಯಲು ಕರೆಯುತ್ತಿದ್ದಳು. ‘ಓದೋದಿದೆ’ ಅನ್ನುತ್ತಿದ್ದೆ. ಓದುತ್ತಿರಲಿಲ್ಲ ಅಕ್ಕಾ. ಹಾಸಿಗೆ ಮೇಲೆ ಕೂತು ಗೋಡೆ ನೋಡುತ್ತಿದ್ದೆ. ಹೀಗೆ ಹನ್ನೊಂದು ಶನಿವಾರ ಕಳೆದೆ.

ಹನ್ನೆರಡನೇ ಶನಿವಾರ ಹೋದೆ. ಊರ ಜಾತ್ರೆಯಲ್ಲಿ ಡೊಳ್ಳಿನ ಮುಂದೆ ನಿಂತಾಗ ಎದೆಯೊಳಗೆ ಬಡಿದ ಹಾಗಾಗುತ್ತಲ್ಲ, ಅದೇ. ನನಗೆ ಆ ಕುಣಿತದ ಒಂದು ಹೆಜ್ಜೆಯೂ ಗೊತ್ತಿರಲಿಲ್ಲ. ಅಲ್ಲಿ ಯಾರೂ ಯಾರ ಹೆಜ್ಜೆಯನ್ನೂ ನೋಡುವುದಿಲ್ಲ. ಎರಡು ಗಂಟೆ ಕುಣಿದೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ಬೆವರಿದ್ದು ಅವತ್ತು. ಅದೇ ಹುಡುಗಿ ಮುಂದೆ ನನಗೆ ಜ್ವರ ಬಂದಾಗ ಮೂರು ದಿನ ಅನ್ನ ಬೇಯಿಸಿ ಹಾಕಿದಳು. ನನ್ನ ಪ್ರಬಂಧವನ್ನು ಪೂರ್ತಿ ಓದಿ ತಪ್ಪು ಗುರುತು ಹಾಕಿಕೊಟ್ಟವಳೂ ಅವಳೇ.

ಈಗ ಆ ಫೋಟೊ. ಅದರ ಪ್ರಿಂಟನ್ನೂ ಪತ್ರದ ಜೊತೆ ಇಟ್ಟಿದ್ದೀರಿ. ನಿಮ್ಮ ಮನೆಯವರು ಅದರಲ್ಲಿ ಏನೇನು ನೋಡಿದರು ಅಂತ ಬರೆದಿದ್ದೀರಿ. ತೋಳಿಲ್ಲದ ಅಂಗಿ, ಬಿಚ್ಚಿದ ಕೂದಲು, ಪಕ್ಕದಲ್ಲಿ ಒಬ್ಬ ಹುಡುಗ. ನಾನು ನೋಡಿದ್ದನ್ನೂ ಹೇಳುತ್ತೇನೆ. ಅದು ಕ್ಲಬ್ಬಿನ ಒಳಗಿನ ಫೋಟೊ ಅಲ್ಲ, ಹೊರಗಿನ ಬೀದಿಯದ್ದು. ಹಿಂದೆ ತಿಂಡಿ ಅಂಗಡಿಯ ದೀಪ ಇದೆ. ಎಲ್ಲರ ಕೈಯಲ್ಲೂ ಕಾಗದದ ಪಟ್ಟಿ ಇದೆ, ಒಳಗೆ ಬಿಡುವಾಗ ಕಟ್ಟುವುದು. ನಿಮ್ಮ ಮಗಳ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಕೊನೆಯಲ್ಲಿ ನಿಂತ ಹುಡುಗಿ ಎರಡು ಕೋಟು ಹಿಡಿದಿದ್ದಾಳೆ. ಒಂದು ನಿಮ್ಮ ಮಗಳದ್ದೇ ಇರಬೇಕು, ಯಾಕೆಂದರೆ ಇವಳ ಎರಡೂ ಕೈಯಲ್ಲಿ ಬಿಸಿ ಚಿಪ್ಸ್‌ನ ಡಬ್ಬಿ ಇದೆ, ಐವರಿಗೂ ಅದೊಂದೇ. ನಿಮ್ಮ 8.40 ಅಂದರೆ ಅಲ್ಲಿ ರಾತ್ರಿ 3.10. ಆ ಹೊತ್ತಿನಲ್ಲಿ ಐವರೂ ಒಟ್ಟಿಗೇ ಇದ್ದಾರೆ. ಒಬ್ಬರನ್ನೂ ಬಿಟ್ಟು ಬಂದಿಲ್ಲ.

ಆ ಹಳೇ ರೈಲ್ವೆ ಸ್ಟೇಷನ್ ಯಾವುದೆಂದು ನನಗೆ ಓದುತ್ತಲೇ ಗೊತ್ತಾಯಿತು. ಮೇಫೀಲ್ಡ್ ಅಂತ, ಊರಿನ ದೊಡ್ಡ ಸ್ಟೇಷನ್ ಪಿಕಡಿಲಿಯ ಪಕ್ಕದಲ್ಲೇ. 1910ರಲ್ಲಿ ಕಟ್ಟಿದ್ದು. 1960ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಆಮೇಲೆ ಪಾರ್ಸೆಲ್ ಡಿಪೊ ಆಗಿತ್ತು. 2019ರಿಂದ ಅಲ್ಲಿ ‘ವೇರ್‌ಹೌಸ್ ಪ್ರಾಜೆಕ್ಟ್’ ಎಂಬ ಸಂಗೀತದ ರಾತ್ರಿಗಳು ನಡೆಯುತ್ತವೆ. ಸೆಪ್ಟೆಂಬರ್‌ನಿಂದ ಹೊಸ ವರ್ಷದವರೆಗೆ ಅದರ ಹಂಗಾಮು. ಹತ್ತು ಸಾವಿರ ಜನ ಹಿಡಿಸುವ ಜಾಗ. ಕದ್ದುಮುಚ್ಚಿ ನಡೆಯುವ ಅಡ್ಡೆಯಲ್ಲ. ಟಿಕೆಟ್ ಬೇಕು, 18 ತುಂಬಿದ ಗುರುತಿನ ಚೀಟಿ ಬೇಕು, ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ. ಬಾಗಿಲು ಕಾಯುವವರು ಸರ್ಕಾರದ ಪರವಾನಗಿ ಪಡೆದು ಅದರ ಬಿಲ್ಲೆ ಹಾಕಿಕೊಂಡಿರಬೇಕು.

‘ಆ ಊರಿಗೂ ನಮಗೂ ಏನ್ ಸಂಬಂಧ’ ಅಂತ ಯಜಮಾನರು ಅಂದರಂತೆ. ನೀವು ಹತ್ತಿ ಬೆಳೆಯುವ ಮನೆಯವರು, ಅದಕ್ಕೇ ಹೇಳುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಬರುವ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸುತ್ತಿನ ಗಿರಣಿಗಳು ಬಾಗಿಲು ಹಾಕತೊಡಗಿದವು. ಆ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ನಿಮ್ಮ ಹಾವೇರಿಯೂ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗು ಹತ್ತಿಸಬೇಕೆಂದು ಅವರು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಬಂದರಿನ ಲೆಕ್ಕಾಚಾರವೇ ಇತ್ತು. ಹತ್ತಿ ತುಂಬಿಡುತ್ತಿದ್ದ ಗೋದಾಮುಗಳಲ್ಲಿ ಎಷ್ಟೋ ಇವತ್ತೂ ಆ ಊರಲ್ಲಿ ನಿಂತಿವೆ. ಕೆಲವು ಮನೆಗಳಾಗಿವೆ, ಕೆಲವು ಹೋಟೆಲು. ನಿಮ್ಮ ಮಗಳು ದಿನಾ ಅವುಗಳ ಮುಂದೆಯೇ ಓಡಾಡುತ್ತಾಳೆ.

ಕುಡಿದಿದ್ದಾಳಾ ಅಂತ ಕೇಳಿದ್ದೀರಿ. ಅದನ್ನು ಅವಳೇ ಹೇಳಬೇಕು, ಅವಳು ಹೇಳುವ ಹಾಗೆ ನೀವು ಕೇಳಬೇಕು. ಕುಡಿಯದೆ ಹೋಗಿ ಬರುವವರು ಬಹಳ ಜನ. ನಾನೂ ಕುಡಿಯಲಿಲ್ಲ. ಮದ್ಯ ಮಾರುವ ಜಾಗದಲ್ಲಿ ಕೇಳಿದವರಿಗೆ ನಲ್ಲಿ ನೀರು ಪುಕ್ಕಟೆ ಕೊಡಲೇಬೇಕು, ಅಲ್ಲಿನ ಕಾನೂನೇ ಹಾಗಿದೆ. ಕುಡಿಯುವವರಿಗೂ ಅಲ್ಲಿನ ಆರೋಗ್ಯ ಇಲಾಖೆ ಒಂದು ಗೆರೆ ಹಾಕಿದೆ. ವಾರಕ್ಕೆ 14 ಯೂನಿಟ್ ದಾಟಬಾರದು. ಒಂದು ದೊಡ್ಡ ಲೋಟ ಸಾಧಾರಣ ಬಿಯರ್‌ನಲ್ಲಿ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಇರುತ್ತದೆ. ನನಗೆ ಕುಡಿತದ ಬಗ್ಗೆ ಮೆತ್ತನೆಯ ಮಾತಿಲ್ಲ, ನಮ್ಮ ಮನೆಯಲ್ಲೇ ಅದರಿಂದ ಒಂದು ಜೀವ ಹೋಗಿದೆ. ಹಾಗಿದ್ದರೂ 23 ವರ್ಷದ ಮಗಳನ್ನು ಪೊಲೀಸರ ಹಾಗೆ ವಿಚಾರಿಸಬೇಡಿ ಅಂತಲೇ ಹೇಳುತ್ತೇನೆ.

ಯಾಕೆ ಅಂತ ನನ್ನದೇ ಕತೆ ಹೇಳುತ್ತೇನೆ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. 2009ರ ಮಾರ್ಚ್‌ನ ಒಂದು ರಾತ್ರಿ ಗೆಳತಿಯರಿಗಿಂತ ಮೊದಲೇ ಹೊರಟೆ. ತಲೆನೋವಿತ್ತು. ಬಾಗಿಲ ಹೊರಗೆ ಕಾರೊಂದು ನಿಂತಿತ್ತು. ‘ಟ್ಯಾಕ್ಸಿ?’ ಅಂದ. ಹತ್ತಿದೆ. ಸ್ವಲ್ಪ ದೂರ ಹೋದ ಮೇಲೆ ದಾರಿ ಬೇರೆ ಅನ್ನಿಸಿತು. ಕೇಳಿದರೆ ಉತ್ತರವಿಲ್ಲ. ಕೆಂಪು ದೀಪದಲ್ಲಿ ನಿಂತಾಗ ಬಾಗಿಲು ತೆಗೆದು ಇಳಿದು ಓಡಿದೆ. ದೀಪ ಉರಿಯುತ್ತಿದ್ದ ಪೆಟ್ರೋಲ್ ಬಂಕ್ ಒಂದಕ್ಕೆ ನುಗ್ಗಿ ಅರ್ಧ ಗಂಟೆ ನಿಂತಿದ್ದೆ. ಕೈಯಲ್ಲಿ ಫೋನ್ ಇತ್ತು. ಊರಲ್ಲಿ ಬೆಳಗಾಗಿತ್ತು, ಅವ್ವ ಎದ್ದಿರುತ್ತಾಳೆ ಅಂತ ಗೊತ್ತಿತ್ತು. ಮಾಡಲಿಲ್ಲ. ಮಾಡಿದರೆ ಎಲ್ಲಿಗೆ ಹೋಗಿದ್ದೆ ಅಂತ ಮೊದಲು ಹೇಳಬೇಕಿತ್ತಲ್ಲ. ಅವ್ವ ಹೋಗಿ ಆರು ವರ್ಷವಾಯಿತು. ಅವಳಿಗೆ ನಾನು ಆ ಭಯವನ್ನೂ ಹೇಳಲಿಲ್ಲ, ಹನ್ನೆರಡನೇ ಶನಿವಾರದ ಖುಷಿಯನ್ನೂ ಹೇಳಲಿಲ್ಲ.

ನಿಮ್ಮ ಮಗಳು ನಿಮಗೆ ಫೋಟೊ ಕಳಿಸಿದಳು ಅಕ್ಕಾ. ಯಾರೋ ನೋಡಿ ಚಾಡಿ ಹೇಳಿದ್ದಲ್ಲ. ರಾತ್ರಿ ಮೂರು ಗಂಟೆಗೆ, ಕಾಲು ಸೋತು, ಬಿಸಿ ಚಿಪ್ಸ್ ತಿನ್ನುತ್ತಾ, ಇದನ್ನು ಅವ್ವನಿಗೆ ತೋರಿಸಬೇಕು ಅಂತ ಅವಳಿಗೆ ಅನ್ನಿಸಿದೆ. ನನಗೆ ಅನ್ನಿಸಲಿಲ್ಲ. ಮಗಳು ಕೈತಪ್ಪಿದಳೇ ಅಂತ ಕೇಳುತ್ತೀರಿ. ನವೆಂಬರ್‌ನ ಆ ಬೆಳಿಗ್ಗೆ ಅವಳು ನಿಮ್ಮ ಕೈಯಲ್ಲೇ ಇದ್ದಳು. ಈಗ ‘ಊಟ ಆತು’ ಅಂತ ಇಟ್ಟುಬಿಡುತ್ತಾಳಲ್ಲ, ನನಗೆ ಭಯ ಇರುವುದು ಆ ಫೋನ್ ಬಗ್ಗೆ.

ಆದ್ದರಿಂದ ಮಾತು ಮತ್ತೆ ಶುರು ಮಾಡಿ. ಯಾರು ಯಾರು ಹೋಗಿದ್ರಿ, ಆ ಕೋಟು ಹಿಡಿದ ಹುಡುಗಿ ಯಾವ ದೇಶದವಳು, ಅವಳ ಅವ್ವ ಏನು ಮಾಡ್ತಾಳೆ ಅಂತ ಕೇಳಿ. ಆ ಹುಡುಗನ ಹೆಸರನ್ನೂ ಕೇಳಿ, ದನಿ ಏರಿಸದೆ. ಆಮೇಲೆ ಅವಳಿಗೆ ಗೊತ್ತಿರಬೇಕಾದ್ದನ್ನು ಹೇಳಿ. ಅಲ್ಲಿ ಕಪ್ಪು ಟ್ಯಾಕ್ಸಿಯನ್ನು ಮಾತ್ರ ಬೀದಿಯಲ್ಲಿ ಕೈ ಮಾಡಿ ನಿಲ್ಲಿಸಬಹುದು. ಉಳಿದ ಯಾವ ಬಾಡಿಗೆ ಕಾರನ್ನಾದರೂ ಮೊದಲೇ ಬುಕ್ ಮಾಡಿರಬೇಕು. ಬುಕ್ ಮಾಡದೆ ಬಾಗಿಲಲ್ಲಿ ಬಂದು ನಿಲ್ಲುವ ಕಾರನ್ನು ಹತ್ತಬಾರದು, ನಾನು ಹತ್ತಿದ ಹಾಗೆ. ಕೈಯಲ್ಲಿನ ಲೋಟ ನೀರಿನದೇ ಇರಲಿ, ಅದನ್ನು ಎಲ್ಲೋ ಇಟ್ಟು ಹೋಗಿ ಬಂದು ಕುಡಿಯಬಾರದು. ಯಾರಾದರೂ ಬೆನ್ನು ಹತ್ತಿ ಕಾಡಿದರೆ ಬಾರ್‌ನವರ ಹತ್ತಿರ ಹೋಗಿ ‘ಆಂಜೆಲಾ ಇದ್ದಾಳಾ’ ಅಂತ ಕೇಳಬೇಕು. ಅದು ಸಂಕೇತದ ಮಾತು. 2016ರಲ್ಲಿ ಲಿಂಕನ್‌ಷೈರ್‌ನಲ್ಲಿ ಶುರುವಾಗಿ ಈಗ ದೇಶದ ತುಂಬ ಇದೆ. ಆ ಮಾತು ಗೊತ್ತಿರುವ ಕಡೆ ಸಿಬ್ಬಂದಿ ಸದ್ದಿಲ್ಲದೆ ಸಹಾಯ ಮಾಡುತ್ತಾರೆ, ಟ್ಯಾಕ್ಸಿ ಕರೆಸಿ ಕಳಿಸುತ್ತಾರೆ. ಜೀವಕ್ಕೆ ಕುತ್ತು ಅನ್ನಿಸಿದರೆ 999. ಕಿವಿಗೆ ಹಾಕುವ ಬಿರಡೆಯನ್ನೂ ಒಯ್ಯಲಿ, ಆ ಸದ್ದು ಕಿವಿಗೆ ಒಳ್ಳೆಯದಲ್ಲ.

ಅಣ್ಣನಿಗೂ ಒಂದು ಮಾತು. ತಮ್ಮಾ, ಬೈದದ್ದಾಯಿತು. ನೀನು ಹುಬ್ಬಳ್ಳಿಯಲ್ಲಿ ಓದುವಾಗ ಗಣಪತಿ ಬಿಡುವ ರಾತ್ರಿ ಬೆಳಗಿನವರೆಗೂ ಡಿ.ಜೆ. ಮುಂದೆ ಕುಣಿದು ಬರುತ್ತಿದ್ದೆ ಅಂತ ನಿಮ್ಮವ್ವನೇ ಬರೆದಿದ್ದಾರೆ. ಅವತ್ತು ಬಾಗಿಲು ತೆರೆದು, ನೀರು ಕಾಯಿಸಿ ಕೊಟ್ಟವಳು ಇದೇ ತಂಗಿ. ಅವಳಿಗೊಂದು ಮೆಸೇಜ್ ಹಾಕು. ‘ಸಾರಿ’ ಅನ್ನಲು ಬಾಯಿ ಬರದಿದ್ದರೆ 64 ಅಂದರೆ ಮೆರಿಟ್ ಅಂತೆ, ಗೊತ್ತಾಯ್ತು ಅಂತ ಬರೆ.

ಅಕ್ಕಾ, ಭಾನುವಾರ ನಿಮ್ಮ ಸಂಜೆ ಐದೂವರೆಗೆ ಫೋನ್ ಮಾಡಿ, ಅಲ್ಲಿ ಮಧ್ಯಾಹ್ನ 12 ಆಗಿರುತ್ತದೆ, ಎದ್ದಿರುತ್ತಾಳೆ. ಯಜಮಾನರು ಮಾತಾಡದಿದ್ದರೂ ಸರಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಾರ್ಸೆಲ್ ಕಳಿಸುವ ವಿಚಾರ ಕೇಳಿದ್ದೀರಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಕಟಕ ರೊಟ್ಟಿ ಧಾರಾಳವಾಗಿ ಕಳಿಸಿ. ಧಾರವಾಡ ಪೇಡಾ ಮಾತ್ರ ಬೇಡ. ಹಾಲಿನ ಪದಾರ್ಥವನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ರೊಟ್ಟಿ ಐವರಿಗಾಗುವಷ್ಟು ಇರಲಿ.

– ಸಂಪಾದಕಿ