ವಾರ್ಫರಿನ್ ಮಾತ್ರೆ ತಗೊಂಡರೆ ಬಸ್ಸಾರು ಬಿಡಬೇಕಾ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಬೇಸಾಯಗಾರರು. ಆರು ತಿಂಗಳ ಹಿಂದೆ ಮೈಸೂರಿನಲ್ಲಿ ಆಪರೇಷನ್ ಆಗಿ ಹೃದಯದ ಮೈಟ್ರಲ್ ವಾಲ್ವ್ ಜಾಗದಲ್ಲಿ ಲೋಹದ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯಲು ದಿನಾ ಸಂಜೆ ವಾರ್ಫರಿನ್ ಮಾತ್ರೆ ತಗೋತಾರೆ. ಡಿಸ್ಚಾರ್ಜ್ ಆಗುವಾಗ ‘ಸೊಪ್ಪು ಮುಟ್ಟಬೇಡಿ’ ಅಂದಿದ್ದರು. ಅಷ್ಟು ದಿನ ಬಿಟ್ಟಿದ್ದರು. ಮೊನ್ನೆ ಮಳೆ ಬಂದು ಹೊಲದಲ್ಲಿ ಬೆರಕೆ ಸೊಪ್ಪು ಎದ್ದ ಮೇಲೆ ತಡೆಯಲಾಗದೆ ಒಂದು ವಾರ ಬಸ್ಸಾರು, ಮಸ್ಸೊಪ್ಪು ಊಟ ಮಾಡಿದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆಯಲ್ಲಿ 3.1 ಇದ್ದದ್ದು 1.7ಕ್ಕೆ ಇಳಿದಿದೆ. ಸೊಪ್ಪಿಗೂ ರಕ್ತಕ್ಕೂ ಏನು ಸಂಬಂಧ? ಜೀವನಪೂರ್ತಿ ಬಿಡಬೇಕಾ? ಪಕ್ಕದ ಮನೆಯವರು ತಗೊಳ್ಳುವ ಹೊಸ ಮಾತ್ರೆಗೆ ಪಥ್ಯವೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಅದನ್ನೇ ಕೊಡಿಸಬಹುದಾ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಮೊದಲು ತುರ್ತಿನ ಮಾತು. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇರುವವರಿಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. 1.7 ಅಂದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಇನ್ನೂ ಡಾಕ್ಟರಿಗೆ ತೋರಿಸಿಲ್ಲ ಅಂದರೆ ಇವತ್ತೇ ಹೊರಡಿ. ಏದುಸಿರು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಬೆಳಗಾಗುವವರೆಗೂ ಕಾಯಬೇಡಿ.

ಈಗ ಸೊಪ್ಪಿನ ವಿಷಯ. ಬಿಡಬೇಕಾಗಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ರಕ್ತ ಹೇಗೆ ನಿಲ್ಲುತ್ತದೆ ಅನ್ನೋದನ್ನು ಸ್ವಲ್ಪ ನೋಡಬೇಕು.

ಕುಡುಗೋಲು ತಾಗಿ ಬೆರಳು ಕೊಯ್ದಾಗ ಮೊದಲು ಪ್ಲೇಟ್‌ಲೆಟ್‌ಗಳು ಬಂದು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಆ ಬಿರಡೆ ಗಟ್ಟಿ ಇರಲ್ಲ. ಅದನ್ನು ಭದ್ರ ಮಾಡಲು ಫೈಬ್ರಿನ್ ಎಂಬ ನಾರಿನ ಬಲೆ ಬೇಕು. ಆ ಬಲೆ ಕಟ್ಟುವುದಕ್ಕೆ ಬೇಕಾದ ವಸ್ತುಗಳೇ ಕ್ಲಾಟಿಂಗ್ ಫ್ಯಾಕ್ಟರ್‌ಗಳು. 1ರಿಂದ 13ರವರೆಗೆ ನಂಬರ್ ಕೊಟ್ಟಿದ್ದಾರೆ. 6ನೇ ನಂಬರ್ ಖಾಲಿ. ಹಾಗೆ ಕರೆದಿದ್ದ ವಸ್ತು 5ನೇ ಫ್ಯಾಕ್ಟರೇ ಎಚ್ಚರಗೊಂಡ ರೂಪ ಅಂತ ಆಮೇಲೆ ಗೊತ್ತಾಯಿತು. 4 ಅಂದರೆ ಕ್ಯಾಲ್ಸಿಯಂ. ಉಳಿದವು ಪ್ರೋಟೀನುಗಳು, ಹೆಚ್ಚಿನವು ತಯಾರಾಗುವುದು ಲಿವರ್‌ನಲ್ಲಿ.

ಇವು ಯಾವಾಗಲೂ ರಕ್ತದಲ್ಲೇ ಸುಮ್ಮನೆ ಹರಿಯುತ್ತಿರುತ್ತವೆ. ರಕ್ತನಾಳ ಒಡೆದಾಗ, ಅದರ ಹೊರಗಿನ ಜೀವಕೋಶಗಳಲ್ಲಿರುವ ಟಿಶ್ಯೂ ಫ್ಯಾಕ್ಟರ್‌ಗೆ ರಕ್ತ ತಾಗುತ್ತದೆ. 7ನೇ ಫ್ಯಾಕ್ಟರ್ ಅದರ ಜೊತೆ ಸೇರಿ 10ನೆಯದನ್ನು ಎಬ್ಬಿಸುತ್ತದೆ. 10ನೆಯದು 5ನೆಯದರ ಜೊತೆಗೂಡಿ 2ನೆಯದನ್ನು, ಅಂದರೆ ಪ್ರೋಥ್ರಾಂಬಿನ್ನನ್ನು, ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್ ಬಂತು ಅಂದರೆ ಕೆಲಸಕ್ಕೆ ವೇಗ ಬಂತು. ಅದು 1ನೇ ಫ್ಯಾಕ್ಟರ್ ಆದ ಫೈಬ್ರಿನೋಜೆನ್ನಿಂದ ನಾರು ತೆಗೆಯುತ್ತದೆ, ಜೊತೆಗೆ ಹಿಂದಕ್ಕೆ ಹೋಗಿ 5, 8, 11ನ್ನೂ ಎಬ್ಬಿಸುತ್ತದೆ. ಆಗ ಇನ್ನಷ್ಟು ಥ್ರಾಂಬಿನ್. ಕೊನೆಗೆ 13ನೆಯದು ನಾರುಗಳನ್ನು ಒಂದಕ್ಕೊಂದು ಹೊಲಿಯುತ್ತದೆ. ಹುಟ್ಟಿನಿಂದಲೇ 8ನೆಯದು ಕಡಿಮೆ ಇರುವ ಮಕ್ಕಳಿಗೆ ರಕ್ತ ಬೇಗ ನಿಲ್ಲದ ಹಿಮೋಫಿಲಿಯಾ ಎ ಕಾಯಿಲೆ ಬರುವುದು ಇದಕ್ಕೇ.

ಸೊಪ್ಪು ಬರುವುದು ಎಲ್ಲಿ ಗೊತ್ತಾ? 2, 7, 9, 10 ಈ ನಾಲ್ಕನ್ನು ತಯಾರಿಸುವಾಗ ಲಿವರ್‌ಗೆ ಸೊಪ್ಪಿನಲ್ಲಿ ಹೇರಳವಾಗಿರುವ ವಿಟಮಿನ್ ಕೆ ಬೇಕು. ಅದರ ಸಹಾಯದಿಂದ ಈ ಪ್ರೋಟೀನುಗಳಿಗೆ ಒಂಥರಾ ಕೊಕ್ಕೆ ಮೂಡುತ್ತದೆ. ಕ್ಯಾಲ್ಸಿಯಂ ಹಿಡಿದುಕೊಂಡು ಪ್ಲೇಟ್‌ಲೆಟ್ ಮೇಲೆ ಕೂರುವುದು ಆ ಕೊಕ್ಕೆಯಿಂದಲೇ. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ಲಿವರ್ ಸರಿಪಡಿಸಿ ಮತ್ತೆ ಬಳಸುತ್ತದೆ. ವಾರ್ಫರಿನ್ ತಡೆಯುವುದು ಈ ಮರುಬಳಕೆಯನ್ನು. ಆಗಲೂ ಫ್ಯಾಕ್ಟರ್‌ಗಳು ಹುಟ್ಟುತ್ತವೆ, ಆದರೆ ಬಹುಪಾಲು ಕೊಕ್ಕೆ ಇಲ್ಲದೆ ಹುಟ್ಟುತ್ತವೆ. ಹಾಗಾಗಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ‘ರಕ್ತ ತೆಳುವಾಗಿಸುವ ಮಾತ್ರೆ’ ಅಂತ ಕರೆದರೂ ರಕ್ತವೇನೂ ನೀರಾಗುವುದಿಲ್ಲ.

ಈ ಔಷಧದ ಮೂಲವೂ ದನದ ಕೊಟ್ಟಿಗೆಯಲ್ಲೇ ಇದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ, ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಜ್ಞಾನಿ ಕಾರ್ಲ್ ಲಿಂಕ್ ಅವರ ತಂಡ ಆ ಮೇವಿನಲ್ಲಿದ್ದ ವಸ್ತುವನ್ನು ಹುಡುಕಿ ತೆಗೆಯಿತು. ಅದರ ಸಂಬಂಧಿಯೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಬಂದಿದ್ದು 1954ರಲ್ಲಿ ಮನುಷ್ಯರ ಔಷಧವಾಯಿತು. ಹೆದರಬೇಡಿ, ಅಳತೆಯಲ್ಲಿದ್ದಾಗ ಅದು ಲೋಹದ ವಾಲ್ವ್ ಇರುವವರ ಜೀವ ಕಾಯುತ್ತದೆ.

ಈಗ ನಿಮ್ಮ ತಂದೆಯವರಿಗೆ ಆಗಿದ್ದು ಏನು ನೋಡಿ. ತಿಂಗಳುಗಟ್ಟಲೆ ಸೊಪ್ಪಿಲ್ಲದ ಊಟಕ್ಕೆ ಸರಿಯಾಗಿ ಮಾತ್ರೆಯ ಡೋಸ್ ನಿಂತಿತ್ತು. ಒಂದೇ ವಾರದಲ್ಲಿ ವಿಟಮಿನ್ ಕೆ ರಾಶಿ ಬಂತು. ಡೋಸ್ ಸಾಲದಾಯಿತು. ತಪ್ಪು ಅವರ ನಾಲಿಗೆಯದ್ದಲ್ಲ. ಮಂಡ್ಯದ ಊಟದಿಂದ ಸೊಪ್ಪು ತೆಗೆದುಬಿಡಿ ಅಂದರೆ ಎಷ್ಟು ದಿನ ನಡೆದೀತು? ‘ಪೂರ್ತಿ ಬಿಡಿ’ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಬಿಟ್ಟವರಿಗೇ ಐಎನ್‌ಆರ್ ಜಾಸ್ತಿ ಏರುಪೇರಾಗುವುದು.

ಡಾಕ್ಟರ್ ಐಎನ್‌ಆರ್ ಸರಿಮಾಡಿದ ಮೇಲೆ ಅವರಿಗೆ ಹೇಳಿಯೇ ಸೊಪ್ಪು ಶುರು ಮಾಡಿ. ಉದಾಹರಣೆಗೆ ದಿನ ಬಿಟ್ಟು ದಿನ, ಒಂದೇ ಸೌಟಿನ ಅಳತೆ, ಬೇಸಿಗೆಯಲ್ಲೂ ಅಷ್ಟೇ ಮಳೆಗಾಲದಲ್ಲೂ ಅಷ್ಟೇ. ಶುರುವಿನ ಕೆಲವು ವಾರ ಪದೇ ಪದೇ ಪರೀಕ್ಷೆ ಮಾಡಿಸಿದರೆ ಆ ಊಟಕ್ಕೆ ತಕ್ಕ ಡೋಸ್ ಗೊತ್ತಾಗುತ್ತದೆ. ದಂಟು, ಕೀರೆ, ಪಾಲಕ್, ನುಗ್ಗೆ ಸೊಪ್ಪು, ಎಲ್ಲದಕ್ಕೂ ಇದೇ ಲೆಕ್ಕ. ಬೇಯಿಸಿದ ನೀರು ಬಸಿದರೆ ವಿಟಮಿನ್ ಹೋಗುತ್ತಲ್ವಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ, ವಿಟಮಿನ್ ಕೆ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಬಸಿದ ಸೊಪ್ಪಿನ ಪಲ್ಯದಲ್ಲೇ ಅದು ಉಳಿದಿರುತ್ತದೆ. ಮುದ್ದೆಗೆ ಯಾವ ತಕರಾರೂ ಇಲ್ಲ.

ಪರೀಕ್ಷೆಗೆ ರಕ್ತ ಕೊಡುವಾಗ ಗಮನಿಸಿ, ನೀಲಿ ಮುಚ್ಚಳದ ಟ್ಯೂಬ್ ಇರುತ್ತದೆ. ಅದರೊಳಗಿನ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಲ್ಯಾಬ್‌ನಲ್ಲಿ ಕ್ಯಾಲ್ಸಿಯಂ ವಾಪಸ್ ಕೊಟ್ಟು, ಟಿಶ್ಯೂ ಫ್ಯಾಕ್ಟರ್ ಸೇರಿಸಿ, ಎಷ್ಟು ಸೆಕೆಂಡಿಗೆ ಹೆಪ್ಪಾಯಿತು ಅಂತ ಅಳೆಯುತ್ತಾರೆ. ಆ ಸೆಕೆಂಡಿನಿಂದಲೇ ಐಎನ್‌ಆರ್ ಲೆಕ್ಕ. ಅದಕ್ಕೇ ಟ್ಯೂಬ್ ಗುರುತಿನವರೆಗೆ ಸರಿಯಾಗಿ ತುಂಬಿರಬೇಕು.

ಪಕ್ಕದ ಮನೆಯವರ ಮಾತ್ರೆ ಬೇಡವೇ ಬೇಡ. ಹೊಸ ಮಾತ್ರೆಗಳು ಬೇರೆ ಕಾಯಿಲೆಗಳಿಗೆ ಒಳ್ಳೆಯವೇ. ಆದರೆ ಲೋಹದ ವಾಲ್ವ್ ಇದ್ದವರಿಗೆ ಡಾಬಿಗಾಟ್ರಾನ್ ಎಂಬ ಅಂಥ ಒಂದು ಹೊಸ ಮಾತ್ರೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪುಗಟ್ಟುವುದೂ ರಕ್ತ ಸೋರುವುದೂ ವಾರ್ಫರಿನ್‌ಗಿಂತ ಜಾಸ್ತಿಯಾಯಿತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಅದರ ವರದಿ 2013ರಲ್ಲಿ ಬಂತು.

ನನಗೆ ಸೊಪ್ಪಿಗಿಂತ ಭಯ ಮಂಡಿನೋವಿನ ಮಾತ್ರೆಯದ್ದು. ಗದ್ದೆ ಕೆಲಸ ಮುಗಿಸಿ ಬಂದು ಮೆಡಿಕಲ್ ಸ್ಟೋರ್‌ನಲ್ಲಿ ಡೈಕ್ಲೋಫೆನಾಕ್ ಕೇಳಿ ನುಂಗುವುದು, ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ವಾರ್ಫರಿನ್ ಜೊತೆ ಇದರಿಂದ ಹೊಟ್ಟೆಯಲ್ಲೋ ಮಾಂಸದೊಳಗೋ ರಕ್ತ ಸೋರಬಹುದು. ಭೇದಿಗೆ ಕೊಡುವ ಮೆಟ್ರೋನಿಡಜೋಲ್‌ನಂಥ ಆಂಟಿಬಯೋಟಿಕ್ಕೂ ಐಎನ್‌ಆರ್ ಏರಿಸುತ್ತದೆ. ಗಿಡಮೂಲಿಕೆ ಔಷಧವನ್ನೂ ಕೇಳದೆ ಕೊಡಬೇಡಿ. ಒಂದು ದಿನ ವಾರ್ಫರಿನ್ ಮರೆತರೆ ಮಾರನೇ ದಿನ ಎರಡು ನುಂಗಿಸಬೇಡಿ. ಮಲ ಕಪ್ಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾಲ್ವ್ ಮತ್ತು ಮಾತ್ರೆಯ ವಿವರ ಬರೆದ ಚೀಟಿ ಅವರ ಜೇಬಿನಲ್ಲೇ ಇರಲಿ. ಹಲ್ಲು ಕೀಳಿಸಲು ಹೋದಾಗಲೂ ಅದನ್ನು ಮೊದಲು ತೋರಿಸಿ.