ನನಗಾಗಿ ಬರೆಯುವುದು, ಓದುಗರಿಗಾಗಿ ಬರೆಯುವುದು: ಎರಡನ್ನೂ ನಿಭಾಯಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಪದ್ಯ ಬರೆಯುತ್ತೀರಿ, ಚಿತ್ರ ಬಿಡಿಸುತ್ತೀರಿ. ಆನ್‌ಲೈನಿನಲ್ಲಿ ಹಾಕತೊಡಗಿದ ಮೇಲೆ ಪೆನ್ನು ಹಿಡಿದ ಕೂಡಲೇ ಎಷ್ಟು ಜನ ಮೆಚ್ಚಬಹುದು ಎಂಬ ಲೆಕ್ಕ ಶುರುವಾಗುತ್ತದೆ. ಹಾಕುವುದನ್ನು ನಿಲ್ಲಿಸಿದರೆ ಹುರುಪೇ ಇಳಿದುಹೋಗುತ್ತದೆ.

ಹಂಚುವುದನ್ನು ಬಿಡಬೇಕಾಗಿಲ್ಲ. ಹಂಚಬೇಕೋ ಬೇಡವೋ ಎಂಬ ತೀರ್ಮಾನವನ್ನು ಕೆಲಸ ಮುಗಿದು, ಆರುವ ತನಕ ಮುಂದೂಡಿ. ಈ ಮಾತಿಗೆ ಆಧಾರವೂ ಇದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಮೊದಲೇ ಚಿತ್ರ ಬಿಡಿಸುವ ಆಸೆಯಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 'ಬಿಡಿಸಿದರೆ ಬಹುಮಾನ' ಎಂದು ಮುಂಚೆಯೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಮಾತನ್ನು ಮುಂಚೆಯೇ ಕೇಳಿದ್ದ ಗುಂಪಿನ ಮಕ್ಕಳು ತಾವಾಗಿ ಚಿತ್ರ ಬಿಡಿಸುತ್ತಿದ್ದ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಬಹುಮಾನ ಪಡೆದವರ ಆಸೆ ಹಾಗೇ ಇತ್ತು. ಬಹುಮಾನ ಎರಡೂ ಗುಂಪಿಗೆ ಒಂದೇ. ವ್ಯತ್ಯಾಸ ಮಾಡಿದ್ದು ನಿರೀಕ್ಷೆ. ಮಕ್ಕಳ ಮೇಲಿನ ಪ್ರಯೋಗವನ್ನು ದೊಡ್ಡವರಿಗೆ ಹಾಗೇ ಅನ್ವಯಿಸಬಾರದು, ನಿಜ. ಆದರೆ ನೀವು ಹೇಳುವ ಲಕ್ಷಣಕ್ಕೆ ಇದು ಸರಿಯಾಗಿಯೇ ಹೊಂದುತ್ತದೆ.

ಹಾಗಾಗಿ ಮೊದಲು ನಿಮಗಾಗಿಯೇ ಒಂದು ಗುಟ್ಟಿನ ಪುಸ್ತಕ. ತೀರ ಸಾಧಾರಣ ನೋಟ್‌ಬುಕ್ ಇಟ್ಟುಕೊಳ್ಳಿ. ದುಬಾರಿ ಸ್ಕೆಚ್‌ಬುಕ್ ಕೊಂಡರೆ ಪ್ರತಿ ಪುಟವೂ ಅಂದವಾಗಿರಬೇಕು ಎನಿಸತೊಡಗುತ್ತದೆ, ಅಲ್ಲಿಗೆ ಅದು ಪ್ರದರ್ಶನದ ಪುಸ್ತಕವಾಯಿತು. ಹಿಂಬದಿಯ ಶಾಯಿ ಈಚೆಗೆ ಇಣುಕಿ ಫೋಟೋ ಕೆಡಿಸುವಂಥ ತೆಳು ಹಾಳೆಯಾದರೆ ಇನ್ನೂ ಉತ್ತಮ. ಕೆಲಸಕ್ಕೆ ಕೂತಾಗ ಫೋನು ಬೇರೆ ಕೋಣೆಯಲ್ಲಿರಲಿ. ಅರ್ಧ ಮುಗಿದ ಚಿತ್ರದ ಫೋಟೋ ತೆಗೆಯುವುದು, 'ಹೊಸದೊಂದು ಬರೆಯುತ್ತಿದ್ದೇನೆ' ಎಂದು ಸ್ಟೇಟಸ್ ಹಾಕುವುದು ಬೇಡ. ಮಾಡುತ್ತೇನೆ ಎಂದದ್ದಕ್ಕೇ ಶಹಬ್ಬಾಸ್ ಸಿಕ್ಕಿಬಿಟ್ಟರೆ ಮಾಡುವ ಒತ್ತಡ ಅರ್ಧ ಕರಗುತ್ತದೆ. ಚಿತ್ರವನ್ನು ಮೊದಲಿನಿಂದಲೇ ಇನ್‌ಸ್ಟಾಗ್ರಾಮ್ ಪೋಸ್ಟಿಗೆ ಹೊಂದುವ 4:5 ಅಳತೆಯಲ್ಲಿ ಹಾಕಿಕೊಳ್ಳಬೇಡಿ. ಚಿತ್ರಕ್ಕೆ ಬೇಕಾದ ಅಳತೆಯಲ್ಲೇ ಬಿಡಿಸಿ. ಹಾಕುವುದಾದರೆ ಆಮೇಲೆ ಕತ್ತರಿಸಿಕೊಂಡರಾಯಿತು.

ಮುಗಿದದ್ದಕ್ಕೆ ತಾರೀಖು ಹಾಕಿ ಮುಚ್ಚಿಡಿ. ಚಿತ್ರಕ್ಕೆ ಒಂದು ವಾರ, ಪದ್ಯಕ್ಕೆ ಮೂರು ವಾರ, ಗದ್ಯಕ್ಕೆ ಒಂದು ತಿಂಗಳು ಅಂತರ ಕೊಡಿ. ಬರೆದ ಮರುದಿನ ಓದಿದರೆ ಕಣ್ಣಿಗೆ ಕಾಣುವುದು ತಲೆಯಲ್ಲಿದ್ದದ್ದು, ಹಾಳೆಯ ಮೇಲಿರುವುದಲ್ಲ. ಅವಧಿ ಮುಗಿದ ಮೇಲೆ ಪದ್ಯವನ್ನು ಗಟ್ಟಿಯಾಗಿ ಓದಿ, ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ವಾಲಿದ ಮುಖ, ತೂಕ ತಪ್ಪಿದ ಜೋಡಣೆ ಕನ್ನಡಿಯಲ್ಲಿ ತಟ್ಟನೆ ಸಿಗುತ್ತವೆ. ಅಂದಂದಿನ ಸುದ್ದಿಯ ಮೇಲಿನ ವ್ಯಂಗ್ಯಚಿತ್ರ, ಚುಟುಕಗಳಿಗೆ ಈ ನಿಯಮವಿಲ್ಲ. ಅವು ಹುಟ್ಟುವುದೇ ಓದುಗರಿಗಾಗಿ, ತಡವಾದರೆ ಹಳಸುತ್ತವೆ.

ತಿಂಗಳಿಗೊಮ್ಮೆ ಒಂದು ತಾಸು ಕೂತು ಪುಟದ ಮೂಲೆಯಲ್ಲಿ ಗುರುತು ಹಾಕಿ: ನನಗೆ, ನಾಲ್ಕು ಜನಕ್ಕೆ, ಎಲ್ಲರಿಗೆ. ಹತ್ತರಲ್ಲಿ ಎರಡೋ ಮೂರೋ ಹೊರಗೆ ಹೋದರೆ ಸಾಕು. 'ನಾಲ್ಕು ಜನಕ್ಕೆ' ಎಂಬ ಈ ನಡುವಿನ ಗುಂಪನ್ನು ಬಹಳ ಜನ ಮರೆಯುತ್ತಾರೆ. ನನ್ನ ಲೆಕ್ಕದಲ್ಲಿ ಬೆಳವಣಿಗೆ ಆಗುವುದು ಹೆಚ್ಚಾಗಿ ಅಲ್ಲೇ. ಇಬ್ಬರು ಮೂವರು ಗಟ್ಟಿ ಓದುಗರು ಸಾಕು. ಆದರೆ 'ಹೇಗಿದೆ?' ಎಂದು ಕೇಳಬೇಡಿ, 'ಚೆನ್ನಾಗಿದೆ' ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಓದು ಎಲ್ಲಿ ನಿಂತಿತು, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು, ಮರುದಿನಕ್ಕೆ ಏನು ನೆನಪುಳಿಯಿತು ಎಂದು ಕೇಳಿ. ಮೂವರಲ್ಲಿ ಇಬ್ಬರು ಒಂದೇ ಕಡೆ ಎಡವಿದರೆ ಅಲ್ಲಿ ದೋಷವಿದೆ. ಹೇಗೆ ತಿದ್ದಬೇಕೆಂದು ಅವರು ಕೊಡುವ ಸಲಹೆ ಮಾತ್ರ ಹಲವು ಸಲ ತಪ್ಪಿರುತ್ತದೆ. ಜಾಗ ತೋರಿಸಿದ್ದಕ್ಕೆ ಕೃತಜ್ಞರಾಗಿರಿ, ತಿದ್ದುಪಡಿ ನಿಮ್ಮದಿರಲಿ.

'ಎಲ್ಲರಿಗೆ' ಎಂದು ಗುರುತು ಹಾಕುವ ಮುಂಚೆ ಇನ್ನೊಂದು ವಿಷಯ: ಹಲವು ಪತ್ರಿಕೆಗಳು, ಸ್ಪರ್ಧೆಗಳು ಅಪ್ರಕಟಿತ ಬರಹವನ್ನೇ ಕೇಳುತ್ತವೆ, ನಿಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಬಂದದ್ದನ್ನೂ ಪ್ರಕಟಿತ ಎಂದೇ ಎಣಿಸುವವರಿದ್ದಾರೆ. ಕಳಿಸುವ ಯೋಚನೆಯಿದ್ದರೆ ಅವರ ನಿಯಮ ಓದುವ ತನಕ ಎಲ್ಲೂ ಹಾಕಬೇಡಿ.

ಹಾಕಿದ ಮೇಲೆ 48 ಗಂಟೆ ಆ ಕಡೆ ತಲೆ ಹಾಕಬೇಡಿ, ನೋಟಿಫಿಕೇಶನ್ ಪೂರ್ತಿ ಆಫ್ ಇರಲಿ. ಇನ್‌ಸ್ಟಾಗ್ರಾಮ್ 2021ರಲ್ಲಿ ಲೈಕ್ ಎಣಿಕೆ ಮರೆಮಾಡುವ ಆಯ್ಕೆ ಕೊಟ್ಟಿತು. ಆದರೆ ನಿಮ್ಮ ಪೋಸ್ಟಿನ ಎಣಿಕೆ ಮರೆಯಾಗುವುದು ಬೇರೆಯವರಿಗೆ, ನೀವು ಇಣುಕಿದರೆ ಕಾಣುತ್ತದೆ. ಆಮೇಲೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕಮೆಂಟುಗಳಿಗೆ ಕೊಡಿ. ಲೈಕಿನ ಸಂಖ್ಯೆಯಲ್ಲಿ ಹಾಕಿದ ಹೊತ್ತು, ಮೊದಲ ಸಾಲು, ಅಲ್ಗಾರಿದಮ್ಮಿನ ಮರ್ಜಿ ಎಲ್ಲ ಬೆರೆತಿರುತ್ತವೆ. ನಿಮ್ಮ ಮೂರನೆಯ ಚರಣ ಸಡಿಲವೋ ಬಿಗಿಯೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಇಷ್ಟಾದರೂ ಎಡವಟ್ಟಾಗುವ ಜಾಗಗಳಿವೆ. ಒಂದು ಪದ್ಯ ಜೋರಾಗಿ ಓಡಿದರೆ ಮುಂದಿನ ಮೂರು ಅದರ ತಮ್ಮಂದಿರೇ ಆಗುತ್ತವೆ. ಗುಟ್ಟಿನ ಪುಸ್ತಕದ ಕೊನೆಯ ಹತ್ತನ್ನೂ ಹೊರಗೆ ಹೋದ ಕೊನೆಯ ಹತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಿಷಯ, ಉದ್ದ, ದನಿ ಎಲ್ಲವೂ ಒಂದೇ ಆಗಿದ್ದರೆ ಗುಟ್ಟಿನ ಪುಸ್ತಕ ಪೋಸ್ಟುಗಳ ಕರಡು ಪುಸ್ತಕವಾಗಿದೆ. ಆಗ ಒಂದು ತಿಂಗಳು ಮಾಧ್ಯಮವನ್ನೇ ಬದಲಿಸಿ: ಹೊರಗೆ ಹಾಕುವುದು ಜಲವರ್ಣವಾದರೆ ಒಳಗೆ ಬರಿ ಪೆನ್ಸಿಲ್, ಹೊರಗೆ ಪದ್ಯವಾದರೆ ಒಳಗೆ ಗದ್ಯ. ಇದಕ್ಕೆ ತದ್ವಿರುದ್ಧವಾದ ತೊಂದರೆ, ಆರು ತಿಂಗಳಾದರೂ ಒಂದೂ ಹೊರಗೆ ಹೋಗದಿರುವುದು. ಇನ್ನೊಬ್ಬರ ಗುಟ್ಟೋ ಆರದ ಗಾಯವೋ ಇರುವುದನ್ನು ಒಳಗೇ ಇಟ್ಟುಕೊಳ್ಳಿ, ಯಾರಿಗೂ ಉತ್ತರ ಹೇಳಬೇಕಿಲ್ಲ. 'ಇನ್ನೂ ಸರಿಯಾಗಿಲ್ಲ' ಎನ್ನುತ್ತ ಒಂದಕ್ಷರ ತಿದ್ದದೆ ಮೂರು ತಿಂಗಳು ತಳ್ಳಿದ್ದನ್ನು ಆ ಇಬ್ಬರು ಮೂವರಿಗೆ ಇವತ್ತೇ ಕಳಿಸಿ. ದುಡ್ಡಿಗಾಗಿ ಮಾಡಿಕೊಡುವ ಕೆಲಸವನ್ನು ಈ ಎರಡೂ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನು ಹುರುಪು ಇಳಿಯುವ ಮಾತು. ಮೊದಲ ಮೂರು ನಾಲ್ಕು ವಾರ ಹಾಗಾಗುವುದು ಸಹಜ. ಬೇರೆಯವರ ಪ್ರತಿಕ್ರಿಯೆಗೆ ಒಗ್ಗಿದ ಮನಸ್ಸಿಗೆ ಮೌನ ಒಗ್ಗಲು ಅಷ್ಟು ಸಮಯ ಬೇಕು. ಈ ಅವಧಿಯಲ್ಲಿ ಇಂತಿಷ್ಟು ಪದ್ಯ ಎಂಬ ಗುರಿ ಬೇಡ, ದಿನಕ್ಕೆ ಇಪ್ಪತ್ತು ನಿಮಿಷ ಪುಸ್ತಕ ತೆರೆದು ಕೂತರೆ ಆಯಿತು. ಆರೇಳು ವಾರವಾದರೂ ಪುಸ್ತಕ ತೆರೆಯಲು ಮನಸ್ಸೇ ಬಾರದಿದ್ದರೆ, ನಿಮಗೆ ನಿಜಕ್ಕೂ ಬೇಕಿರುವುದು ಎದುರಿಗಿರುವ ಜನ ಇರಬಹುದು. ಅದರಲ್ಲಿ ತಪ್ಪೇನಿಲ್ಲ. ಕವಿಗೋಷ್ಠಿ, ನಾಟಕ, ಅಂಕಣ ಎಲ್ಲವೂ ಕೇಳುವವರಿಗೆಂದೇ ಕಟ್ಟುವ ಕೆಲಸಗಳು. ಹಾಗಿದ್ದರೆ ಸ್ಕ್ರೀನಿನ ಲೈಕು ಬಿಟ್ಟು, ತಿಂಗಳಿಗೊಮ್ಮೆ ಐದಾರು ಜನ ಕೂತು ಓದುವ ಗುಂಪೊಂದನ್ನು ಹುಡುಕಿ, ಇಲ್ಲವೇ ನೀವೇ ಶುರು ಮಾಡಿ.