ಗಣಿ ನಿಂತ ಮೇಲೂ ಕುದುರೆಮುಖಕ್ಕೆ ಯಾವ ಅಪಾಯ?

‘2005ರ ಕೊನೆಗೇ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತಲ್ಲ, ಇನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಏನು ಅಪಾಯ?’ ಎಂದು ಕೇಳಿದ್ದೀರಿ. ನಾನು ಕಳಸದ ಕಡೆಯವನು. ಗಣಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪು ನಮಗೆ ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಕಾಡನ್ನು ಕಾಡುತ್ತಿರುವುದು ಗಣಿಯಂತೆ ದೂರದಿಂದಲೇ ಕಣ್ಣಿಗೆ ರಾಚುವಂಥದ್ದಲ್ಲ.

ರಸ್ತೆಯನ್ನೇ ನೋಡಿ. ಒಮ್ಮೆ ಘಟ್ಟದ ಮೇಲಿನ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ದಾಟಿ ಮಾಳದ ಕಡೆ ಇಳಿಯುವಾಗ ಸಿಂಗಳೀಕಗಳ ಗುಂಪು ಕಂಡು ಬೈಕ್ ನಿಲ್ಲಿಸಿದೆ. ಹೊಟ್ಟೆಗೆ ಮರಿಯನ್ನು ಅವುಚಿಕೊಂಡಿದ್ದ ತಾಯಿಯೊಂದು ಕೊಂಬೆಯ ತುದಿಯವರೆಗೂ ಬಂತು. ಆಚೆಯ ಮರದ ಕೊಂಬೆ ಎಟುಕುವಷ್ಟು ಹತ್ತಿರವಿರಲಿಲ್ಲ. ಕೆಳಗೆ ನೋಡಿತು, ಹಿಂದೆ ಸರಿಯಿತು, ಮತ್ತೆ ಬಂತು. ಕೊನೆಗೆ ಬಂದ ದಾರಿಯಲ್ಲೇ ತಿರುಗಿ ಹೋಯಿತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಕಾಣಸಿಗದ, ಬದುಕಿನ ಬಹುಪಾಲನ್ನು ಮರದ ಮೇಲೇ ಕಳೆಯುವ ಪ್ರಾಣಿ ಅದು. ರಸ್ತೆ ಅಗಲಿಸಲು ನಾಲ್ಕು ಮರ ಕಡಿದರೂ ಅದರ ದಾರಿ ಮುಚ್ಚಿದಂತೆಯೇ.

ಇನ್ನು ಹುಲ್ಲುಗಾವಲು. ಅದನ್ನು ಬೋಳು ಗುಡ್ಡವೆಂದು ತಿಳಿಯುವುದು ನಮ್ಮ ಹಳೆಯ ತಪ್ಪು. ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಎನ್ನುವ ಗಿಡ್ಡ ಮರಗಳ ನಿತ್ಯಹಸಿರು ಕಾಡು. ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ತೊರೆಗಳನ್ನು ಹರಿಸುವುದು ಇವೆರಡೂ ಸೇರಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರುವುದು ಇಲ್ಲೇ. ಇಂಥ ನೆಲದಲ್ಲಿ ಹೊರದೇಶದ ಅಕೇಶಿಯಾ ಮರ ನೆಟ್ಟು ಹಸಿರು ಬೆಳೆಸಿದೆವು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯ ಬೆಂಕಿಯ ಭಯ ಬೇರೆ. ಅದಿರು ಬೇರ್ಪಡಿಸಿ ಉಳಿದ ಗಣಿಯ ಕಾಲದ ಹೂಳಂತೂ, ಅದನ್ನು ತಡೆಯಲೆಂದೇ ಕಟ್ಟಿದ ಲಖ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಕೂತಿದೆ. ನಮ್ಮ ಮೊಮ್ಮಕ್ಕಳೂ ಅದನ್ನು ಕಾಯಬೇಕು.

ಸುಮಾರು 600 ಚದರ ಕಿ.ಮೀ.ನ ಈ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಬುಡಕಟ್ಟಿನವರಾದ ಮಲೆಕುಡಿಯರು, ಸಣ್ಣ ಅಡಿಕೆ ಬೆಳೆಗಾರರು ಇಲ್ಲಿದ್ದಾರೆ. ಉದ್ಯಾನ ಬಿಟ್ಟು ಹೊರಡಲು ಒಪ್ಪಿದವರಿಗೆ ಪರಿಹಾರ ತಡಮಾಡದೆ ಸಿಗಬೇಕು. ಉಳಿಯುವೆನೆಂದವರನ್ನು ಕಾಡಿನ ಶತ್ರುಗಳಂತೆ ಕಾಣುವುದು ನಿಲ್ಲಬೇಕು. ಬೆಂಕಿ ಬಿದ್ದರೆ ಮೊದಲು ಸೊಪ್ಪು ಹಿಡಿದು ಓಡುವವರು ಅವರೇ.

ನೀವು ಇತ್ತ ಬಂದರೆ ಒಂದು ಕೋರಿಕೆ: ಸಿಂಗಳೀಕಗಳಿಗೆ ಬಿಸ್ಕತ್ತು ಎಸೆಯಬೇಡಿ. ತಿಂಡಿಯ ಆಸೆಗೆ ನೆಲಕ್ಕಿಳಿದರೆ ವಾಹನದ ಚಕ್ರಕ್ಕೆ ಸಿಕ್ಕುತ್ತವೆ.